ಡಾ. ಹ್ಯೂ ಕ್ಲೆಗ್‌ಹಾರ್ನ್ (1820–1895): ಜೀವನ ಪರಿಚಯ ಮತ್ತು ಅರಣ್ಯ ಸಂಶೋಧನೆಗೆ ಸರ್ಕಾರಿ ನೆರವಿನ ಆರಂಭ

ಪೀಠಿಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳ ರೈತರು ಮುಂಗಾರಿನ ಆರಂಭದಲ್ಲಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿಂದ ಬೇವು, ಹೆಬ್ಬೇವು, ಹೊಂಗೆ, ಹುಣಸೆ, ಶ್ರೀಗಂಧ ಮುಂತಾದ ಸಸಿಗಳನ್ನು ಪಡೆದುಕೊಳ್ಳುತ್ತಾರೆ. ಅವಿಭಜಿತ ಇಂಡಿ ತಾಲ್ಲೂಕಿನ ಹಲಸಂಗಿಯಂತಹ ಬಯಲುಸೀಮೆಯ ಗ್ರಾಮದಲ್ಲಿ, ಎರೆಮಣ್ಣಿನ ಹೊಲದ ಬದುವಿನ ಮೇಲೆ ಯಾವ ಮರ ಬದುಕುತ್ತದೆ, ಯಾವುದು ಬೆಳೆಗೆ ನೆರಳಾಗಿ ಹಾನಿ ಮಾಡುತ್ತದೆ, ಯಾವುದು ಎಷ್ಟು ವರ್ಷಗಳ ನಂತರ ಕಟಾವಿಗೆ ಬರುತ್ತದೆ ಎಂಬ ಪ್ರಶ್ನೆಗಳಿಗೆ ಒಂದೆರಡು ವರ್ಷಗಳಲ್ಲಿ ಉತ್ತರ ದೊರೆಯುವುದಿಲ್ಲ. ಬೆಳೆಯ ಪ್ರಯೋಗ ಒಂದು ಹಂಗಾಮಿನಲ್ಲಿ ಮುಗಿಯುತ್ತದೆ. ಮರದ ಪ್ರಯೋಗ ಒಬ್ಬ ಅಧಿಕಾರಿಯ ಸೇವಾವಧಿಯನ್ನೂ ಮೀರುತ್ತದೆ. ಆದುದರಿಂದ ಇಂತಹ ಸಂಶೋಧನೆಯ ವೆಚ್ಚವನ್ನು ಯಾರು ಭರಿಸಬೇಕು, ಮೊದಲು ಯಾವ ಮರವನ್ನು, ಯಾರ ಅಗತ್ಯಕ್ಕಾಗಿ ಅಧ್ಯಯನ ಮಾಡಬೇಕು ಎಂಬುದು ಅರಣ್ಯ ಆಡಳಿತದ ಹಳೆಯ ಪ್ರಶ್ನೆಯಾಗಿದೆ.

ಈ ಪ್ರಶ್ನೆಯನ್ನು ಭಾರತದಲ್ಲಿ ಸರ್ಕಾರದ ಮುಂದೆ ಸ್ಪಷ್ಟವಾಗಿ ಇರಿಸಿದವರಲ್ಲಿ ಡಾ. ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್ ಪ್ರಮುಖರು. ವೃತ್ತಿಯಿಂದ ವೈದ್ಯರಾಗಿದ್ದ ಅವರು ಮರಗಳ ಅಧ್ಯಯನವನ್ನು ಕೈಗೊಂಡದ್ದು ಕರ್ನಾಟಕದ ಶಿವಮೊಗ್ಗದಲ್ಲಿ. ಅವರ ಜೀವನ, ಕಾರ್ಯ, ಆ ಕಾರ್ಯದ ಮಿತಿಗಳು ಮತ್ತು ಅದರ ಮುಂದುವರಿಕೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕ್ಲೆಗ್‌ಹಾರ್ನ್ ಅವರು 1820 ರ ಆಗಸ್ಟ್ 9 ರಂದು ಮದರಾಸಿನಲ್ಲಿ ಜನಿಸಿದರು. ಅವರ ತಂದೆ ಅಲ್ಲಿನ ಸುಪ್ರೀಂ ಕೋರ್ಟಿನ ಆಡಳಿತದಲ್ಲಿ ಅಧಿಕಾರಿಯಾಗಿದ್ದರು. ಆ ಕಾಲದ ರೂಢಿಯಂತೆ ಬಾಲಕನನ್ನು ನಾಲ್ಕನೆಯ ವಯಸ್ಸಿನಲ್ಲಿಯೇ ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಸೇಂಟ್ ಆಂಡ್ರೂಸ್ ಪಟ್ಟಣದ ಸಮೀಪದ ಸ್ಟ್ರಾವಿಥಿ ಎಂಬಲ್ಲಿದ್ದ ಅಜ್ಜನ ಜಮೀನಿನಲ್ಲಿ ಅವರು ಬೆಳೆದರು. ಹೊಲ, ತೋಟ ಮತ್ತು ನೆಡುತೋಪುಗಳ ನಿರ್ವಹಣೆಯ ಪರಿಚಯ ಅವರಿಗೆ ಬಾಲ್ಯದಲ್ಲಿಯೇ ಆಯಿತು.

ಎಡಿನ್‌ಬರೋ ಮತ್ತು ಸೇಂಟ್ ಆಂಡ್ರೂಸ್‌ಗಳಲ್ಲಿ ಶಿಕ್ಷಣ ಪಡೆದ ಅವರು ಎಡಿನ್‌ಬರೋ ವಿಶ್ವವಿದ್ಯಾನಿಲಯದಿಂದ 1841 ರಲ್ಲಿ ವೈದ್ಯಕೀಯ ಪದವಿ ಪಡೆದರು. ಅಂದಿನ ಔಷಧಗಳಲ್ಲಿ ಬಹುಪಾಲು ಸಸ್ಯಮೂಲದವಾಗಿದ್ದುದರಿಂದ ವೈದ್ಯ ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರದ ಪಾಠ ಕಡ್ಡಾಯವಾಗಿತ್ತು. ಈ ಪಾಠವೇ ಮುಂದೆ ಅವರ ಜೀವನದ ದಿಕ್ಕನ್ನು ಬದಲಾಯಿಸಿತು. 1842 ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ವೈದ್ಯಕೀಯ ಸೇವೆಗೆ ಸೇರಿ, ತಾವು ಹುಟ್ಟಿದ ಊರಿಗೆ ಮರಳಿದರು.

ಶಿವಮೊಗ್ಗದ ವರ್ಷಗಳು

ಮೈಸೂರು ಸಂಸ್ಥಾನದ ಆಡಳಿತವು 1831 ರಿಂದ ಬ್ರಿಟಿಷ್ ಕಮಿಷನರರ ವಶದಲ್ಲಿದ್ದಿತು. ಮಾರ್ಕ್ ಕಬ್ಬನ್ ಅವರು ಕಮಿಷನರರಾಗಿದ್ದ ಅವಧಿಯಲ್ಲಿ ಕ್ಲೆಗ್‌ಹಾರ್ನ್ ಅವರನ್ನು ಮೈಸೂರು ಕಮಿಷನ್ನಿಗೆ ನಿಯೋಜಿಸಲಾಯಿತು. 1840 ರ ದಶಕದ ಮಧ್ಯಭಾಗದಲ್ಲಿ ಅವರು ನಗರ ವಿಭಾಗದ ಶಿವಮೊಗ್ಗದಲ್ಲಿ ಸೇವೆ ಸಲ್ಲಿಸಿದರು. ಆಸ್ಪತ್ರೆ, ಕಾರಾಗೃಹ ಮತ್ತು ಸಿಬ್ಬಂದಿಯ ಆರೋಗ್ಯ ಅವರ ಜವಾಬ್ದಾರಿಯಾಗಿದ್ದಿತು. ಉಳಿದ ಸಮಯದಲ್ಲಿ ದಿನಕ್ಕೊಂದು ಸಸ್ಯವನ್ನು ಕೈಗೆತ್ತಿಕೊಂಡು ಪರಿಶೀಲಿಸುವ ಅಭ್ಯಾಸವನ್ನು ಅವರು ರೂಢಿಸಿಕೊಂಡರು. ಸಸ್ಯಗಳ ಚಿತ್ರ ಬರೆಯಲು ಸ್ಥಳೀಯ ಚಿತ್ರಕಾರರೊಬ್ಬರನ್ನು ನೇಮಿಸಿಕೊಂಡರು. ಹೀಗೆ ಆರಂಭವಾದ ಚಿತ್ರಸಂಗ್ರಹವು ಇಂದು ಎಡಿನ್‌ಬರೋ ರಾಯಲ್ ಸಸ್ಯೋದ್ಯಾನದಲ್ಲಿ ಸಂರಕ್ಷಿತವಾಗಿದೆ.

ಮಲೆನಾಡಿನ ಸಂಚಾರಗಳಲ್ಲಿ ಎರಡು ಸಂಗತಿಗಳು ಅವರ ಗಮನಕ್ಕೆ ಬಂದುವು. ಒಂದನೆಯದು, ಹಡಗು ನಿರ್ಮಾಣ ಮತ್ತು ಕಟ್ಟಡಗಳಿಗಾಗಿ ತೇಗದ ಮರಗಳನ್ನು ಯಾವ ಲೆಕ್ಕವೂ ಇಲ್ಲದೆ ಕಡಿಯಲಾಗುತ್ತಿದ್ದುದು. ಎರಡನೆಯದು, ಎಷ್ಟು ಮರಗಳಿವೆ, ಅವು ಎಷ್ಟು ವರ್ಷಗಳಲ್ಲಿ ಬೆಳೆಯುತ್ತವೆ, ಕಡಿದ ಜಾಗದಲ್ಲಿ ಮತ್ತೆ ಏನು ಹುಟ್ಟುತ್ತದೆ ಎಂಬ ಮಾಹಿತಿ ಯಾವ ಕಚೇರಿಯಲ್ಲಿಯೂ ಇಲ್ಲದಿದ್ದುದು. ಗುತ್ತಿಗೆದಾರನಿಗೆ ಆ ವರ್ಷದ ಲಾಭ ಮುಖ್ಯವಾಗಿತ್ತು. ಕಂದಾಯ ಅಧಿಕಾರಿಗೆ ಆ ವರ್ಷದ ವಸೂಲಿ ಮುಖ್ಯವಾಗಿತ್ತು. ಮುಂದಿನ ಅರವತ್ತು ವರ್ಷಗಳ ಲೆಕ್ಕವನ್ನು ಇಡುವ ಹೊಣೆ ಯಾರದೂ ಆಗಿರಲಿಲ್ಲ. ಅನಾರೋಗ್ಯದ ಕಾರಣ 1848 ರಲ್ಲಿ ಅವರು ರಜೆಯ ಮೇಲೆ ಸ್ವದೇಶಕ್ಕೆ ತೆರಳಿದರು.

1851 ರ ವರದಿ

ವಿಜ್ಞಾನದ ಪ್ರಗತಿಗಾಗಿ ಸ್ಥಾಪಿತವಾಗಿದ್ದ ಬ್ರಿಟಿಷ್ ಅಸೋಸಿಯೇಷನ್ ಸಂಸ್ಥೆಯು 1850 ರಲ್ಲಿ ಎಡಿನ್‌ಬರೋದಲ್ಲಿ ಸಭೆ ಸೇರಿತು. ಉಷ್ಣವಲಯದ ಅರಣ್ಯಗಳ ನಾಶದಿಂದ ಆರ್ಥಿಕವಾಗಿಯೂ ಭೌತಿಕವಾಗಿಯೂ ಉಂಟಾಗಬಹುದಾದ ಪರಿಣಾಮಗಳನ್ನು ಪರಿಶೀಲಿಸಲು ಆ ಸಭೆಯು ಸಮಿತಿಯೊಂದನ್ನು ರಚಿಸಿತು. ಕ್ಲೆಗ್‌ಹಾರ್ನ್, ಜಾನ್ ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್ ಮತ್ತು ರಿಚರ್ಡ್ ಸ್ಟ್ರಾಚಿ ಇದರ ಸದಸ್ಯರಾಗಿದ್ದರು. ಸಮಿತಿಯ ವರದಿಯನ್ನು 1851 ರಲ್ಲಿ ಇಪ್ಸ್‌ವಿಚ್‌ನ ಅಧಿವೇಶನದಲ್ಲಿ ಮಂಡಿಸಲಾಯಿತು. ಮೈಸೂರು, ಮಲಬಾರ್, ಕನ್ನಡ ಜಿಲ್ಲೆ ಮತ್ತಿತರ ಪ್ರದೇಶಗಳಿಂದ ಬಂದ ಮಾಹಿತಿಯನ್ನು ಅದರಲ್ಲಿ ಕ್ರೋಡೀಕರಿಸಲಾಗಿತ್ತು.

ಈ ವರದಿಯ ಮಹತ್ವವು ಎರಡು ಅಂಶಗಳಲ್ಲಿದೆ. ಮೊದಲನೆಯದಾಗಿ, ಅರಣ್ಯವನ್ನು ಕೇವಲ ಮರಮುಟ್ಟಿನ ಉಗ್ರಾಣವೆಂದು ಪರಿಗಣಿಸದೆ, ಮಣ್ಣು, ನೀರು ಮತ್ತು ಹವಾಮಾನಗಳೊಂದಿಗೆ ಅದಕ್ಕಿರುವ ಸಂಬಂಧವನ್ನು ಆಡಳಿತದ ವಿಷಯವನ್ನಾಗಿ ಮಾಡಲಾಯಿತು. ಎರಡನೆಯದಾಗಿ, ಅಂಟು, ರಾಳ, ಬಣ್ಣ, ತೊಗಟೆ, ಔಷಧಿ ಮುಂತಾದ ಅರಣ್ಯ ಉತ್ಪನ್ನಗಳ ಬಗೆಗೆ ಕ್ರಮಬದ್ಧವಾದ ಅಧ್ಯಯನವಿಲ್ಲವೆಂಬ ಕೊರತೆಯನ್ನು ತೋರಿಸಲಾಯಿತು. ಅರಣ್ಯ ನಿರ್ವಹಣೆಗೆ ಮೊದಲು ತಿಳಿವಳಿಕೆ ಬೇಕು, ತಿಳಿವಳಿಕೆಗೆ ನಿರಂತರ ವೆಚ್ಚ ಬೇಕು, ಆ ವೆಚ್ಚವನ್ನು ಭರಿಸಬಲ್ಲ ಸಂಸ್ಥೆ ಸರ್ಕಾರವೊಂದೇ ಎಂಬ ವಾದಕ್ಕೆ ಈ ವರದಿ ಆಧಾರವಾಯಿತು.

ಮದರಾಸು ಮತ್ತು ಲಾಲ್‌ಬಾಗ್

1852 ರಲ್ಲಿ ಮದರಾಸಿಗೆ ಹಿಂದಿರುಗಿದ ಕ್ಲೆಗ್‌ಹಾರ್ನ್ ಅವರು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮದರಾಸಿನ ಕೃಷಿ ಮತ್ತು ತೋಟಗಾರಿಕಾ ಸಂಘದ ಕಾರ್ಯದಲ್ಲಿ ತೊಡಗಿದರು. ಆ ಸಂಘದ ಉದ್ಯಾನದಲ್ಲಿದ್ದ ಸಸ್ಯಗಳ ಪಟ್ಟಿಯನ್ನು 1853 ರಲ್ಲಿ ಪ್ರಕಟಿಸಿದರು.

ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಗಿ ರೂಪುಗೊಂಡುದರಲ್ಲಿಯೂ ಅವರ ಶಿಫಾರಸಿನ ಪಾತ್ರವಿದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಈ ತೋಟವು 1856 ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1858 ರಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದಿದ್ದ ವಿಲಿಯಂ ನ್ಯೂ ಅವರನ್ನು ಅದರ ಮೇಲ್ವಿಚಾರಣೆಗೆ ನೇಮಿಸಲಾಯಿತು. ಹೊರದೇಶದ ಗಿಡವನ್ನು ರೈತನ ಹೊಲಕ್ಕೆ ನೀಡುವ ಮೊದಲು ಸರ್ಕಾರದ ತೋಟದಲ್ಲಿ, ಸರ್ಕಾರದ ವೆಚ್ಚದಲ್ಲಿ ಬೆಳೆಸಿ ನೋಡಬೇಕೆಂಬ ಪದ್ಧತಿಗೆ ಇಂತಹ ಉದ್ಯಾನಗಳು ನೆಲೆಯಾದುವು. ಪ್ರಯೋಗ ವಿಫಲವಾದರೆ ಅದರ ನಷ್ಟವನ್ನು ರೈತ ಹೊರಬೇಕಾಗಿರಲಿಲ್ಲ.

ಅರಣ್ಯ ಸಂರಕ್ಷಣಾಧಿಕಾರಿಯಾಗಿ

ಮುಂಬಯಿ ಆಧಿಪತ್ಯದಲ್ಲಿ ಡಾ. ಅಲೆಕ್ಸಾಂಡರ್ ಗಿಬ್ಸನ್ ಎಂಬ ಮತ್ತೊಬ್ಬ ವೈದ್ಯರು 1847 ರಿಂದ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದರು. ಮದರಾಸು ಆಧಿಪತ್ಯದಲ್ಲಿಯೂ ಅದೇ ಬಗೆಯ ವ್ಯವಸ್ಥೆ ಬೇಕೆಂದು ನಿರ್ಧರಿಸಿದ ಗವರ್ನರ್ ಲಾರ್ಡ್ ಹ್ಯಾರಿಸ್ ಅವರು 1856 ರ ಕೊನೆಯಲ್ಲಿ ಕ್ಲೆಗ್‌ಹಾರ್ನ್ ಅವರನ್ನು ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿದರು. ಉತ್ತರ ಮತ್ತು ದಕ್ಷಿಣ ಕನ್ನಡ ಪ್ರದೇಶಗಳು ಆಗ ಮದರಾಸಿಗೆ ಸೇರಿದ್ದುವು. ಉತ್ತರ ಕನ್ನಡವು ಮುಂಬಯಿಗೆ ವರ್ಗಾವಣೆಯಾದದ್ದು 1862 ರಲ್ಲಿ. ಆದುದರಿಂದ ಇಂದಿನ ಕರ್ನಾಟಕದ ಕರಾವಳಿ ಮತ್ತು ಘಟ್ಟದ ಅರಣ್ಯಗಳ ದೊಡ್ಡ ಭಾಗವು ಅವರ ಅಧಿಕಾರವ್ಯಾಪ್ತಿಯಲ್ಲಿದ್ದಿತು.

ಆನೆಮಲೆ, ನೀಲಗಿರಿ, ಮಲಬಾರ್, ಕೊಡಗು ಮತ್ತು ಕನ್ನಡ ಜಿಲ್ಲೆಗಳಲ್ಲಿ ಅವರು ವಿಸ್ತಾರವಾಗಿ ಸಂಚರಿಸಿದರು. ಮಲಬಾರಿನ ನೀಲಂಬೂರಿನಲ್ಲಿ ಕಲೆಕ್ಟರ್ ಕೊನೊಲಿ ಅವರು 1840 ರ ದಶಕದಲ್ಲಿ ಆರಂಭಿಸಿದ್ದ ತೇಗದ ನೆಡುತೋಪು ಅವರಿಗೆ ಮುಖ್ಯ ನಿದರ್ಶನವಾಗಿ ದೊರೆಯಿತು. ಅಲ್ಲಿ ಆರಂಭದಲ್ಲಿ ತೇಗದ ಬೀಜಗಳು ಮೊಳೆಯದೆ ಹಲವು ಪ್ರಯತ್ನಗಳು ವಿಫಲವಾಗಿದ್ದುವು. ತೇಗದ ಬೀಜದ ಹೊರಕವಚ ಗಟ್ಟಿಯಾದುದು. ಚಾತು ಮೆನನ್ ಎಂಬ ಸ್ಥಳೀಯ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಸಸಿ ಬೆಳೆಸುವ ವಿಧಾನವು ಕೈಗೂಡಿದ ನಂತರವೇ ನೆಡುತೋಪು ನೆಲೆಗೊಂಡಿತು. ಮೊದಲ ವಿಫಲತೆಯಲ್ಲಿಯೇ ಹಣ ನಿಲ್ಲಿಸಿದ್ದರೆ ಈ ತಿಳಿವಳಿಕೆ ದೊರೆಯುತ್ತಿರಲಿಲ್ಲ. ಸ್ಥಳೀಯರ ಕೈಕೆಲಸದ ಅನುಭವವೂ ಸಂಶೋಧನೆಯ ಭಾಗವೆಂಬುದು ಇದರಿಂದ ತಿಳಿದುಬರುತ್ತದೆ.

ಇದೇ ಸಮಯದಲ್ಲಿ ರೈಲುಮಾರ್ಗಗಳ ನಿರ್ಮಾಣ ಆರಂಭವಾಯಿತು. ಮದರಾಸಿನ ಮೊದಲ ರೈಲು 1856 ರಲ್ಲಿ ಸಂಚರಿಸಿತು. ಹಳಿಗಳ ಕೆಳಗೆ ಹಾಸುವ ಅಡ್ಡ ದಿಮ್ಮಿಗಳಿಗೂ, ಎಂಜಿನ್ನುಗಳ ಉರುವಲಿಗೂ ಅಪಾರ ಪ್ರಮಾಣದ ಮರ ಬೇಕಾಯಿತು. ಯಾವ ಜಾತಿಯ ಮರ ನೆಲದ ತೇವವನ್ನೂ ಗೆದ್ದಲನ್ನೂ ತಡೆದು ಹೆಚ್ಚು ಕಾಲ ಬಾಳುತ್ತದೆ ಎಂಬ ಪರಿಶೀಲನೆಗೆ ಆದ್ಯತೆ ದೊರೆಯಿತು. ಕ್ಲೆಗ್‌ಹಾರ್ನ್ ಅವರು ತಮ್ಮ ವರದಿಗಳನ್ನು ಕ್ರೋಡೀಕರಿಸಿ, ದಕ್ಷಿಣ ಭಾರತದ ಅರಣ್ಯಗಳು ಮತ್ತು ಉದ್ಯಾನಗಳ ಕುರಿತ ಗ್ರಂಥವನ್ನು 1861 ರಲ್ಲಿ ಪ್ರಕಟಿಸಿದರು. ಮರಗಳ ವಿವರಗಳ ಜೊತೆಗೆ ಇಲಾಖೆಯ ಆದಾಯ ಮತ್ತು ವೆಚ್ಚದ ಲೆಕ್ಕಗಳೂ ಅದರಲ್ಲಿವೆ. ಅಂದಿನ ಸರ್ಕಾರವು ಅರಣ್ಯ ಇಲಾಖೆಯು ತನ್ನ ವೆಚ್ಚವನ್ನು ತಾನೇ ದುಡಿದುಕೊಳ್ಳಬೇಕೆಂದು ಅಪೇಕ್ಷಿಸುತ್ತಿದ್ದಿತು. ಆದಾಯ ತರುವ ಮರಕ್ಕೆ ಅಧ್ಯಯನದ ಹಣ ಸುಲಭವಾಗಿ ದೊರೆಯುತ್ತಿದ್ದುದೂ, ಆದಾಯ ತರದ ಮರವು ಪಟ್ಟಿಯ ಕೊನೆಗೆ ಸರಿಯುತ್ತಿದ್ದುದೂ ಈ ನಿಯಮದ ಸಹಜ ಪರಿಣಾಮವಾಗಿದ್ದಿತು.

ಕುಮರಿ ಬೇಸಾಯದ ನಿಷೇಧ

ಕ್ಲೆಗ್‌ಹಾರ್ನ್ ಅವರ ಕಾರ್ಯದಲ್ಲಿ ಹೆಚ್ಚು ವಿವಾದಕ್ಕೆ ಒಳಗಾದ ಭಾಗವು ಕುಮರಿ ಬೇಸಾಯಕ್ಕೆ ಸಂಬಂಧಿಸಿದುದು. ಕಾಡಿನ ತುಣುಕೊಂದನ್ನು ಕಡಿದು, ಸುಟ್ಟು, ಬೂದಿಯ ಮೇಲೆ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತಿ, ಒಂದೆರಡು ವರ್ಷಗಳ ನಂತರ ಬೇರೊಂದು ಸ್ಥಳಕ್ಕೆ ಹೋಗುವ ಈ ಪದ್ಧತಿಯು ಘಟ್ಟದ ಅನೇಕ ಸಮುದಾಯಗಳ ಜೀವನಾಧಾರವಾಗಿತ್ತು. ಇದು ಬೆಲೆಬಾಳುವ ಮರಗಳನ್ನು ನಾಶಪಡಿಸುತ್ತದೆಂದು ಕ್ಲೆಗ್‌ಹಾರ್ನ್ ಅವರು ಬಲವಾಗಿ ವಾದಿಸಿದರು. ಕನ್ನಡ ಜಿಲ್ಲೆಯ ಸರ್ಕಾರಿ ಅರಣ್ಯಗಳಲ್ಲಿ ಪೂರ್ವಾನುಮತಿಯಿಲ್ಲದೆ ಕುಮರಿ ಮಾಡುವುದನ್ನು ಮದರಾಸು ಸರ್ಕಾರವು 1860 ರಲ್ಲಿ ನಿಷೇಧಿಸಿತು.

ಈ ಆದೇಶದಿಂದ ತೇಗದ ರಕ್ಷಣೆಗೆ ನೆರವಾಯಿತಾದರೂ, ಕಾಡನ್ನೇ ಅವಲಂಬಿಸಿದ್ದ ಕುಟುಂಬಗಳು ತಮ್ಮ ಬೇಸಾಯದ ನೆಲೆಯನ್ನು ಕಳೆದುಕೊಂಡುವು. ರೈಲು ಮತ್ತು ಹಡಗುಗಳಿಗಾಗಿ ಗುತ್ತಿಗೆದಾರರು ಕಡಿದ ಮರಗಳೊಂದಿಗೆ ಹೋಲಿಸಿದರೆ ಕುಮರಿಯಿಂದಾದ ನಷ್ಟವೆಷ್ಟು, ಪಾಳು ಬಿಟ್ಟ ಕುಮರಿ ಭೂಮಿಯಲ್ಲಿ ಕಾಡು ಮತ್ತೆ ಹೇಗೆ ಬೆಳೆಯುತ್ತದೆ ಎಂಬುದರ ದೀರ್ಘಾವಧಿ ಅಧ್ಯಯನವು ನಿಷೇಧಕ್ಕೆ ಮುಂಚೆ ನಡೆಯಲಿಲ್ಲ. ಅರಣ್ಯವಾಸಿಗಳ ಹಕ್ಕುಗಳನ್ನು ಮಾನ್ಯ ಮಾಡುವ ಕಾಯಿದೆಯನ್ನು ಭಾರತದ ಸಂಸತ್ತು 2006 ರಲ್ಲಿ ಅಂಗೀಕರಿಸಿತು. ಅರಣ್ಯವಾಸಿಗಳಿಗೆ ಚಾರಿತ್ರಿಕವಾಗಿ ಆದ ಅನ್ಯಾಯವನ್ನು ಸರಿಪಡಿಸುವುದು ಆ ಕಾಯಿದೆಯ ಘೋಷಿತ ಉದ್ದೇಶವಾಗಿದೆ.

ಪಂಜಾಬ್ ಮತ್ತು ಅಖಿಲ ಭಾರತ ಇಲಾಖೆ

1860 ರ ದಶಕದ ಆರಂಭದಲ್ಲಿ ಕ್ಲೆಗ್‌ಹಾರ್ನ್ ಅವರನ್ನು ಪಂಜಾಬಿಗೆ ಕಳುಹಿಸಲಾಯಿತು. ಹಿಮಾಲಯದ ದೇವದಾರು ಅರಣ್ಯಗಳನ್ನು ಪರಿಶೀಲಿಸಿ ಅವರು ನೀಡಿದ ವರದಿಯು 1864 ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಖಿಲ ಭಾರತ ಮಟ್ಟದ ಅರಣ್ಯ ಇಲಾಖೆಯನ್ನು ಸ್ಥಾಪಿಸಿ, ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅವರನ್ನು ಮೊದಲ ಅರಣ್ಯ ಮಹಾನಿರೀಕ್ಷಕರನ್ನಾಗಿ ನೇಮಿಸಲಾಯಿತು. ಬ್ರಾಂಡಿಸ್ ಅವರು ರಜೆಯಲ್ಲಿದ್ದಾಗ ಕ್ಲೆಗ್‌ಹಾರ್ನ್ ಅವರು ಆ ಹುದ್ದೆಯನ್ನು ಹಂಗಾಮಿಯಾಗಿ ನಿರ್ವಹಿಸಿದರು. ಮೈಸೂರು ಸಂಸ್ಥಾನದಲ್ಲಿಯೂ ಪ್ರತ್ಯೇಕ ಅರಣ್ಯ ಇಲಾಖೆ ಆರಂಭವಾದದ್ದು 1864 ರಲ್ಲಿಯೇ ಎಂಬುದು ಗಮನಾರ್ಹ.

ಕೊನೆಯ ವರ್ಷಗಳು

1860 ರ ದಶಕದ ಕೊನೆಯಲ್ಲಿ ಭಾರತದ ಸೇವೆಯಿಂದ ಬಿಡುಗಡೆ ಪಡೆದ ಕ್ಲೆಗ್‌ಹಾರ್ನ್ ಅವರು ಸ್ಟ್ರಾವಿಥಿಯಲ್ಲಿ ನೆಲೆಸಿದರು. ಸ್ಕಾಟ್ಲೆಂಡಿನ ವೃಕ್ಷಕೃಷಿ ಸಂಘದ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ಭಾರತದ ಅರಣ್ಯ ಸೇವೆಗೆ ಅಭ್ಯರ್ಥಿಗಳನ್ನು ಆಯ್ಕೆ ಮಾಡುವ ಕಾರ್ಯದಲ್ಲಿ ನೆರವಾದರು. ಅರಣ್ಯಾಧಿಕಾರಿಗಳಿಗೆ ವಿಶ್ವವಿದ್ಯಾನಿಲಯದ ಮಟ್ಟದಲ್ಲಿಯೇ ಶಿಕ್ಷಣ ದೊರೆಯಬೇಕೆಂಬುದು ಅವರ ಆಸೆಯಾಗಿತ್ತು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ 1889 ರಲ್ಲಿ ಅರಣ್ಯಶಾಸ್ತ್ರದ ಬೋಧನೆ ಆರಂಭವಾಗುವುದರಲ್ಲಿ ಅವರ ಪರಿಶ್ರಮವಿದೆ. 1895 ರ ಮೇ 16 ರಂದು ಸ್ಟ್ರಾವಿಥಿಯಲ್ಲಿ ಅವರು ನಿಧನರಾದರು. ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರು ಕಣಗಿಲೆಯ ಕುಟುಂಬಕ್ಕೆ ಸೇರಿದ ಸಸ್ಯಕುಲವೊಂದಕ್ಕೆ ಕ್ಲೆಗ್‌ಹಾರ್ನಿಯಾ ಎಂದು ಅವರ ಹೆಸರನ್ನು ಇಟ್ಟಿದ್ದಾರೆ.

ಬಯಲುಸೀಮೆ ಮತ್ತು ಆದ್ಯತೆಯ ಪ್ರಶ್ನೆ

ತೇಗ, ದೇವದಾರು ಮತ್ತು ಶ್ರೀಗಂಧಗಳು ಆದ್ಯತೆಯ ಪಟ್ಟಿಯಲ್ಲಿ ಮೇಲಿದ್ದ ಕಾಲದಲ್ಲಿ, ಕಾಡಿಲ್ಲದ ಬಯಲುಸೀಮೆಯು ಅರಣ್ಯ ಸಂಶೋಧನೆಯ ನಕ್ಷೆಯಲ್ಲಿ ಕಾಣಿಸಿಕೊಳ್ಳಲಿಲ್ಲ. ಇಂಡಿ ಮತ್ತು ಸಿಂದಗಿ ಭಾಗಗಳ ರೈತನಿಗೆ ಬೇಕಾದ ಮರವೆಂದರೆ ನೇಗಿಲಿಗೂ ಬಂಡಿಗೂ ಜಾಲಿ, ನೆರಳಿಗೂ ಔಷಧಿಗೂ ಬೇವು, ಮೇವಿಗೆ ಬನ್ನಿ, ಹಣ್ಣಿಗೆ ಬಾರಿ ಮತ್ತು ಹುಣಸೆ. ಇವು ಹರಾಜಿನ ಕಟ್ಟೆಗೆ ಬರುವ ಮರಗಳಲ್ಲ. ಆದುದರಿಂದ ಸರ್ಕಾರದ ಬೊಕ್ಕಸಕ್ಕೆ ಇವುಗಳ ಬೆಲೆ ತಿಳಿಯಲಿಲ್ಲ.

1876–78 ರ ಭೀಕರ ಕ್ಷಾಮವು ಅಂದಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಪ್ರದೇಶವನ್ನು ತೀವ್ರವಾಗಿ ಬಾಧಿಸಿತು. ಜನರೂ ದನಗಳೂ ಅಪಾರ ಸಂಖ್ಯೆಯಲ್ಲಿ ಮಡಿದರು. ಮೇವು ಮತ್ತು ಉರುವಲಿನ ಪ್ರಶ್ನೆ ಇದರ ನಂತರ ಸರ್ಕಾರದ ಗಮನಕ್ಕೆ ಬಂದಿತು. ಭಾರತದ ಕೃಷಿಯ ಸುಧಾರಣೆಯ ಬಗೆಗೆ ಜೆ. ಎ. ವೊಲ್ಕರ್ ಅವರು 1893 ರಲ್ಲಿ ನೀಡಿದ ವರದಿಯು, ಉರುವಲಿಲ್ಲದ ಕಾರಣ ರೈತನು ಸಗಣಿಯನ್ನು ಕುಳ್ಳು ತಟ್ಟಿ ಸುಡುತ್ತಾನೆ, ಇದರಿಂದ ಹೊಲಕ್ಕೆ ಗೊಬ್ಬರ ಇಲ್ಲದಾಗುತ್ತದೆ ಎಂಬುದನ್ನು ವಿವರಿಸಿ, ಉರುವಲು ಮತ್ತು ಮೇವಿಗಾಗಿಯೇ ಕಾಡು ಬೆಳೆಸಬೇಕೆಂದು ಸೂಚಿಸಿತು. 1894 ರ ಅರಣ್ಯ ನೀತಿಯಲ್ಲಿ ಸ್ಥಳೀಯ ಜನರ ಅಗತ್ಯಗಳ ಪ್ರಸ್ತಾಪ ಬಂದರೂ ಸಂಶೋಧನೆಯ ಹಣವು ಬಹುಕಾಲ ಹಳೆಯ ದಾರಿಯಲ್ಲಿಯೇ ಹರಿಯಿತು.

ಪರೀಕ್ಷೆಯಿಲ್ಲದೆ ಮರವನ್ನು ಹರಡುವುದರ ಅಪಾಯಕ್ಕೂ ಈ ಸೀಮೆಯಲ್ಲಿ ನಿದರ್ಶನವಿದೆ. ಕ್ಲೆಗ್‌ಹಾರ್ನ್ ಅವರ ಸಹಾಯಕರಾಗಿದ್ದು, ನಂತರ ಮದರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಬೆಡ್ಡೋಮ್ ಅವರ ಕಾಲದಲ್ಲಿ, 1870 ರ ದಶಕದಲ್ಲಿ, ಅಮೆರಿಕಾ ಮೂಲದ ಜಾಲಿಯೊಂದನ್ನು ಒಣಪ್ರದೇಶಗಳ ಉರುವಲಿಗಾಗಿ ತರಿಸಲಾಯಿತು. ಬಳ್ಳಾರಿ ಜಾಲಿ ಎಂದು ಜನರು ಕರೆಯುವ ಈ ಗಿಡವು ಉರುವಲನ್ನು ಒದಗಿಸಿತಾದರೂ, ಕೆರೆಯಂಗಳ, ಹಳ್ಳದ ದಂಡೆ ಮತ್ತು ಗೋಮಾಳಗಳನ್ನು ಆವರಿಸಿ, ಸ್ಥಳೀಯ ಗಿಡಮರಗಳಿಗೆ ಎಡೆಯಿಲ್ಲದಂತೆ ಮಾಡಿತು. ಅದನ್ನು ತೆಗೆಯುವ ವೆಚ್ಚವನ್ನು ಇಂದಿಗೂ ರೈತರು ಮತ್ತು ಗ್ರಾಮ ಪಂಚಾಯಿತಿಗಳು ಭರಿಸುತ್ತಿವೆ.

ಒಣಬೇಸಾಯದ ಸಂಶೋಧನೆಗೆ ಸರ್ಕಾರದ ಹಣವು ಈ ಜಿಲ್ಲೆಗೆ ತಲುಪಿದ್ದು 1930 ರ ದಶಕದಲ್ಲಿ. ಅಂದಿನ ಕೃಷಿ ಸಂಶೋಧನಾ ಪರಿಷತ್ತಿನ ನೆರವಿನಿಂದ ದೇಶದಲ್ಲಿ ಐದು ಒಣಬೇಸಾಯ ಕೇಂದ್ರಗಳನ್ನು ಆರಂಭಿಸಲಾಯಿತು. ಅವುಗಳಲ್ಲಿ ಬಿಜಾಪುರವೂ ಒಂದು. ಮಣ್ಣು ಮತ್ತು ಮಳೆನೀರನ್ನು ಹೊಲದಲ್ಲಿಯೇ ತಡೆಯುವ ಬದುಗಳ ಅಧ್ಯಯನ ಅಲ್ಲಿ ನಡೆಯಿತು. ಅದೇ ಕಾಲದಲ್ಲಿ ಹಲಸಂಗಿಯ ಗೆಳೆಯರ ಬಳಗವು ಯಾವ ಸರ್ಕಾರಿ ನೆರವೂ ಇಲ್ಲದೆ ಮನೆಮನೆಗೆ ಹೋಗಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತಿತ್ತು. ಹಾಡನ್ನು ಕೆಲವರ ಶ್ರದ್ಧೆಯಿಂದ ಉಳಿಸಬಹುದು. ಮರದ ಅಧ್ಯಯನಕ್ಕೆ ಶ್ರದ್ಧೆಯ ಜೊತೆಗೆ ಭೂಮಿ, ಬೇಲಿ, ನೀರು, ಕಾವಲು ಮತ್ತು ಹಲವು ದಶಕಗಳ ವೆಚ್ಚ ಬೇಕು.

ಶ್ರೀಗಂಧದ ರೋಗ: ದೀರ್ಘ ಸಂಶೋಧನೆಯ ನಿದರ್ಶನ

ಕ್ಲೆಗ್‌ಹಾರ್ನ್ ಅವರ ನಿಧನದ ನಾಲ್ಕು ವರ್ಷಗಳ ನಂತರ, 1899 ರಲ್ಲಿ, ಕೊಡಗಿನಲ್ಲಿ ಶ್ರೀಗಂಧದ ಸ್ಪೈಕ್ ರೋಗವು ಗುರುತಿಸಲ್ಪಟ್ಟಿತು. ರೋಗ ತಗುಲಿದ ಮರದ ಎಲೆಗಳು ಕಿರಿದಾಗಿ, ಒತ್ತಾಗಿ, ಮುಳ್ಳಿನಂತೆ ಕಾಣುತ್ತವೆ. ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಶ್ರೀಗಂಧವು ಮೈಸೂರು ಸಂಸ್ಥಾನದ ಮುಖ್ಯ ಆದಾಯಗಳಲ್ಲಿ ಒಂದಾಗಿದ್ದುದರಿಂದ ಸರ್ಕಾರವು ತೀವ್ರ ಆಸಕ್ತಿ ವಹಿಸಿತು. ಸಂಸ್ಥಾನದ ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಅವರೂ, ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಇದರ ಅಧ್ಯಯನ ನಡೆಸಿದರು. ರೋಗಕ್ಕೆ ಕಾರಣವಾದ ಅತಿಸೂಕ್ಷ್ಮ ಜೀವಿಯು ಪತ್ತೆಯಾದದ್ದು 1969 ರಲ್ಲಿ. ಗುರುತಿಸಿದ ದಿನದಿಂದ ಕಾರಣ ತಿಳಿಯುವವರೆಗೆ 70 ವರ್ಷಗಳು ಹಿಡಿದುವು. ಈ ಅವಧಿಯಲ್ಲಿ ಸಂಸ್ಥಾನ ಹೋಯಿತು, ರಾಜ್ಯ ಬಂದಿತು. ಒಂದು ಸರ್ಕಾರದ ಕಾಲದಲ್ಲಿ ಆರಂಭವಾದ ಅಧ್ಯಯನವು ಮುಂದಿನ ಸರ್ಕಾರದ ನೆರವಿಲ್ಲದೆ ಪೂರ್ಣಗೊಳ್ಳುವುದಿಲ್ಲ ಎಂಬುದಕ್ಕೆ ಇದು ಸ್ಪಷ್ಟ ಸಾಕ್ಷಿ.

ಈ ಅಧ್ಯಯನಗಳ ಪ್ರಯೋಜನ ಇಂದು ರೈತರಿಗೂ ದೊರೆಯುತ್ತಿದೆ. ಶ್ರೀಗಂಧವು ತನ್ನ ಬೇರುಗಳ ಮೂಲಕ ನೆರೆಯ ಗಿಡಗಳಿಂದ ಆಹಾರಾಂಶವನ್ನು ಪಡೆಯುವ ಅರೆಪರಾವಲಂಬಿ ಮರ. ಆದುದರಿಂದ ಆಸರೆ ಗಿಡವಿಲ್ಲದೆ ಅದು ಚೆನ್ನಾಗಿ ಬೆಳೆಯುವುದಿಲ್ಲ. ವಿಜಯಪುರ ಜಿಲ್ಲೆಯ ರೈತರಿಗೆ ಪರಿಚಿತವಾದ ತೊಗರಿಯು ಎಳೆಯ ಶ್ರೀಗಂಧಕ್ಕೆ ಉತ್ತಮ ಆಸರೆ ಗಿಡವಾಗಿದೆ. ಖಾಸಗಿ ಜಮೀನಿನ ಶ್ರೀಗಂಧದ ಮೇಲೆ ಜಮೀನಿನ ಒಡೆಯನಿಗೇ ಹಕ್ಕು ನೀಡುವ ತಿದ್ದುಪಡಿಯು ಕರ್ನಾಟಕದಲ್ಲಿ 2001 ರಲ್ಲಿ ಬಂದಿತು.

ಸಂಶೋಧನಾ ಸಂಸ್ಥೆಗಳು ಮತ್ತು ಇಂದಿನ ಆದ್ಯತೆಗಳು

1878 ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆಯೂ, 1906 ರಲ್ಲಿ ಅರಣ್ಯ ಸಂಶೋಧನಾ ಸಂಸ್ಥೆಯೂ ಆರಂಭವಾದುವು. ಮೈಸೂರು ಸಂಸ್ಥಾನವು 1938 ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿತು. ಇದೇ 1988 ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ದೇಶದ ಅರಣ್ಯ ಸಂಶೋಧನೆಯನ್ನು ಒಂದೇ ವ್ಯವಸ್ಥೆಯಡಿ ತರಲು 1986 ರಲ್ಲಿ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತನ್ನು ರಚಿಸಲಾಯಿತು. 1991 ರಲ್ಲಿ ಅದಕ್ಕೆ ಸ್ವಾಯತ್ತತೆ ದೊರೆಯಿತು. ಇದರ ವೆಚ್ಚಕ್ಕೆ ಕೇಂದ್ರ ಸರ್ಕಾರದ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವು ಅನುದಾನ ನೀಡುತ್ತದೆ. ಅರಣ್ಯಭೂಮಿಯನ್ನು ಅನ್ಯ ಉದ್ದೇಶಗಳಿಗೆ ಬಳಸುವವರು ಪಾವತಿಸುವ ಪರಿಹಾರದ ಹಣಕ್ಕೆ 2016 ರ ಕಾಯಿದೆಯು ಪ್ರತ್ಯೇಕ ನಿಧಿಯನ್ನು ಏರ್ಪಡಿಸಿದೆ. ಸಂಶೋಧನಾ ಯೋಜನೆಗಳಿಗೂ ಇಂತಹ ಹಣದಿಂದ ನೆರವು ನೀಡಲಾಗಿದೆ.

1988 ರ ರಾಷ್ಟ್ರೀಯ ಅರಣ್ಯ ನೀತಿಯು ಸಂಶೋಧನೆಯ ಆದ್ಯತೆಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಮುಖ್ಯವಾದುವು:

1. ಮರ ಮತ್ತು ಇತರ ಅರಣ್ಯ ಉತ್ಪನ್ನಗಳ ಇಳುವರಿಯನ್ನು ಹೆಚ್ಚಿಸುವುದು.
2. ಬಂಜರು, ಪಾಳು ಮತ್ತು ಗಣಿಗಾರಿಕೆಗೆ ಒಳಗಾದ ಭೂಮಿಗಳಲ್ಲಿಯೂ ಜಲಾನಯನ ಪ್ರದೇಶಗಳಲ್ಲಿಯೂ ಹಸಿರನ್ನು ಮರಳಿ ಬೆಳೆಸುವುದು.
3. ಇರುವ ಅರಣ್ಯಗಳ ಸಂರಕ್ಷಣೆ ಮತ್ತು ನಿರ್ವಹಣೆ.
4. ಗ್ರಾಮೀಣ ಮತ್ತು ಬುಡಕಟ್ಟು ಜನರ ಅಭಿವೃದ್ಧಿಗಾಗಿ ಸಾಮಾಜಿಕ ಅರಣ್ಯ.
5. ಮರಕ್ಕೆ ಬದಲಿ ವಸ್ತುಗಳ ಅಭಿವೃದ್ಧಿ.
6. ವನ್ಯಜೀವಿ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ಸಂಬಂಧಿಸಿದ ಅಧ್ಯಯನ.

ಬಂಜರು ಭೂಮಿ ಮತ್ತು ಗ್ರಾಮೀಣ ಜನರ ಅಗತ್ಯಗಳು ಈ ಪಟ್ಟಿಯಲ್ಲಿ ಸೇರಿರುವುದರಿಂದ, ಕ್ಲೆಗ್‌ಹಾರ್ನ್ ಅವರ ಕಾಲದಲ್ಲಿ ಹೊರಗುಳಿದಿದ್ದ ಬಯಲುಸೀಮೆಗೆ ನೀತಿಯ ಮಟ್ಟದಲ್ಲಿ ಸ್ಥಾನ ದೊರೆತಂತಾಗಿದೆ. ಪಟ್ಟಿಯಲ್ಲಿನ ಸ್ಥಾನಕ್ಕೆ ತಕ್ಕಂತೆ ಪ್ರತಿ ವರ್ಷದ ಆಯವ್ಯಯದಲ್ಲಿ ಹಣವೂ ದೊರೆತಾಗ ಮಾತ್ರ ಅದರ ಫಲವು ಹೊಲದ ಬದುವನ್ನು ತಲುಪುತ್ತದೆ.

ಸಾರ್ವಜನಿಕರ ಗಮನಕ್ಕೆ

ಮರಗಳಿಗೆ ಸಂಬಂಧಿಸಿದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಈ ಕೆಳಗಿನ ಅಂಶಗಳನ್ನು ಗಮನಿಸುವುದು.

1. ಸಸಿಗಳ ಪೂರೈಕೆ: ಸಸಿಗಳನ್ನು ಮುಂಗಾರಿಗೆ ಮೊದಲು ಬೆಳೆಸಲಾಗುತ್ತದೆ. ತಮ್ಮ ಭೂಮಿಗೆ ಹೊಂದುವ ಜಾತಿಯ ಬಗೆಗೆ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಸೂಕ್ತ.

2. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ: 2011–12 ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ನೆಟ್ಟ ಸಸಿಗಳ ಪೈಕಿ ಬದುಕುಳಿದವುಗಳ ಸಂಖ್ಯೆಯನ್ನು ಆಧರಿಸಿ ಪ್ರೋತ್ಸಾಹಧನವನ್ನು ನೀಡಲಾಗುತ್ತದೆ. ದರವು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿಯ ಸಮಯದಲ್ಲಿ ಜಾರಿಯಲ್ಲಿರುವ ದರವನ್ನು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು. ಪಹಣಿ (ಉತಾರ) ಮತ್ತು ಬ್ಯಾಂಕ್ ಖಾತೆಯ ವಿವರ ಸಿದ್ಧವಾಗಿರಲಿ.

3. ಮರ ಕಡಿಯಲು ಅನುಮತಿ: ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ, 1976 ರ ಅನ್ವಯ, ವಿನಾಯಿತಿ ಪಡೆದ ಜಾತಿಗಳನ್ನು ಹೊರತುಪಡಿಸಿ ಇತರ ಮರಗಳನ್ನು ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ.

4. ಅರಣ್ಯ ಹಕ್ಕು: 2006 ರ ಕಾಯಿದೆಯಡಿ ಹಕ್ಕು ಕೋರುವ ಅರ್ಜಿಗಳು ಮೊದಲು ಗ್ರಾಮಸಭೆಯ ಮುಂದೆ ಬರಬೇಕು.

5. ಮಾಹಿತಿ: ಸಸ್ಯಕ್ಷೇತ್ರ ಮತ್ತು ಸಂಶೋಧನೆಗೆ ಬಿಡುಗಡೆಯಾದ ಹಣ ಹಾಗೂ ಅದರ ವೆಚ್ಚದ ವಿವರಗಳನ್ನು ಮಾಹಿತಿ ಹಕ್ಕು ಕಾಯಿದೆ, 2005 ರ ಅನ್ವಯ ಯಾವುದೇ ನಾಗರಿಕರು ಕೋರಬಹುದು.

ನೆಟ್ಟ ಸಸಿ ಬದುಕಿತೇ, ಸತ್ತಿತೇ, ಯಾವ ತಿಂಗಳಲ್ಲಿ ಒಣಗಿತು, ಯಾವ ಕೀಟ ಬಿದ್ದಿತು ಎಂಬ ವಿವರಗಳನ್ನು ರೈತರು ಪರಿಶೀಲನೆಗೆ ಬರುವ ಸಿಬ್ಬಂದಿಗೆ ತಪ್ಪದೆ ತಿಳಿಸಬೇಕೆಂದು ಕೋರಲಾಗಿದೆ. ಒಂದೊಂದು ಹೊಲದ ಅನುಭವವೂ ದಾಖಲಾದರೆ, ಮುಂದಿನ ವರ್ಷ ಯಾವ ಜಾತಿಯ ಸಸಿಯನ್ನು ಹೆಚ್ಚು ಬೆಳೆಸಬೇಕು, ಯಾವುದಕ್ಕೆ ಸಂಶೋಧನೆಯ ಹಣ ಕೇಳಬೇಕು ಎಂಬುದನ್ನು ನಿರ್ಧರಿಸಲು ಅದು ಆಧಾರವಾಗುತ್ತದೆ.